ಗ್ರಾಫಿಕ್ಸ್ ಕಾರ್ಡ್ ಆರಿಸುವಾಗ: 112 ಮತ್ತು 121 ಫ್ರೇಮಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತಾ?

ಎರಡು ಗ್ರಾಫಿಕ್ಸ್ ಕಾರ್ಡುಗಳ ನಡುವೆ ಮನಸ್ಸು ತೂಗಾಡುತ್ತಿದೆ ಅಂದುಕೊಳ್ಳಿ. ಒಂದು, ನೀವು ಆಡುವ ಗೇಮಿನಲ್ಲಿ ಸೆಕೆಂಡಿಗೆ 112 ಫ್ರೇಮ್, ಅಂದರೆ 112 ಚಿತ್ರ, ಕೊಡುತ್ತದೆ. ಇನ್ನೊಂದು 121. ರಿವ್ಯೂ ವಿಡಿಯೊದ ಗ್ರಾಫಿನಲ್ಲಿ ಎರಡನೆಯದರ ಪಟ್ಟಿ ಉದ್ದ. ಬೆಲೆಯೂ ನಾಲ್ಕು ಸಾವಿರ ಜಾಸ್ತಿ. ಕೊಡಬೇಕಾ?

ಆ ಒಂಬತ್ತು ಫ್ರೇಮಿಗೋಸ್ಕರ ಆದರೆ ಬೇಡ. ಅಂಕಿ ತೋರಿಸುವ ಮೂಲೆಯನ್ನು ಮುಚ್ಚಿ ಎರಡನ್ನೂ ಆಡಿಸಿದರೆ, ಯಾವುದು ಯಾವುದೆಂದು ಹೇಳಲು ಹೆಚ್ಚಿನವರಿಗೆ ಆಗುವುದಿಲ್ಲ. ಆದರೆ ಅದೇ ಒಂಬತ್ತು ಫ್ರೇಮಿನ ಅಂತರ 51 ಮತ್ತು 60ರ ನಡುವೆ ಬಂದರೆ ಕತೆ ಬೇರೆ. ಅದೂ ಹಳೆಯ 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಮಾನಿಟರ್ ಆದರೆ, ಗೇಮ್ ಆಡದವರಿಗೂ ಚಿತ್ರ ಏನೋ ಎಡವಿದ ಹಾಗೆ ಕಾಣಬಹುದು. ಅಂತರ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ಬಂತು ಅನ್ನುವುದನ್ನು ನೋಡಿ ದುಡ್ಡು ಹಾಕಬೇಕು.

ಫ್ರೇಮ್ ಬಿಡಿ, ಮಿಲಿಸೆಕೆಂಡ್ ನೋಡಿ

ಲೆಕ್ಕ ಸುಲಭ. 1000ವನ್ನು ಎಫ್‌ಪಿಎಸ್‌ನಿಂದ, ಅಂದರೆ ಸೆಕೆಂಡಿಗೆ ಬರುವ ಫ್ರೇಮಿನ ಅಂಕಿಯಿಂದ, ಭಾಗಿಸಿ. ಒಂದೊಂದು ಫ್ರೇಮಿಗೆ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆ ಅನ್ನುವುದು ಸಿಗುತ್ತದೆ. 30 ಎಫ್‌ಪಿಎಸ್‌ಗೆ 33.3. 60ಕ್ಕೆ 16.7. 120ಕ್ಕೆ 8.3. 240ಕ್ಕೆ 4.2. 360ಕ್ಕೆ 2.8.

ಈಗ ಅಂತರ ನೋಡಿ. 30ರಿಂದ 60ಕ್ಕೆ ಹೋದರೆ ಪ್ರತಿ ಫ್ರೇಮಿಗೂ 16.7 ಮಿಲಿಸೆಕೆಂಡ್ ಉಳಿಯುತ್ತದೆ. ಇದು ಯಾರಿಗೆ ಬೇಕಾದರೂ ಕಾಣುತ್ತದೆ. 60ರಿಂದ 120ಕ್ಕೆ ಉಳಿಯುವುದು 8.3. ಇದೂ ಚೆನ್ನಾಗಿ ಗೊತ್ತಾಗುತ್ತದೆ. ಗೇಮೇ ಬೇಕಿಲ್ಲ, ಡೆಸ್ಕ್‌ಟಾಪಿನಲ್ಲಿ ಮೌಸ್ ಆಡಿಸಿದರೂ ಸಾಕು. 120ರಿಂದ 240ಕ್ಕೆ 4.2. ವೇಗದ ಶೂಟಿಂಗ್ ಗೇಮ್ ಆಡಿ ಕೈ ಪಳಗಿದವರು ಇದನ್ನು ಗುರುತಿಸುತ್ತಾರೆ. 240ರಿಂದ 360ಕ್ಕೆ 120 ಫ್ರೇಮ್ ಜಾಸ್ತಿಯಾದರೂ ಉಳಿಯುವುದು ಬರೀ 1.4 ಮಿಲಿಸೆಕೆಂಡ್. ಪಂದ್ಯಗಳಲ್ಲಿ ಆಡುವವರಿಗೆ ಅದು ಬೇಕಾಗಬಹುದು. ನನ್ನಂಥವರಿಗೆ ಬೇಡ.

ನಮ್ಮ 112 ಮತ್ತು 121ರ ಅಂತರ ಎಷ್ಟು? 0.7 ಮಿಲಿಸೆಕೆಂಡಿಗೂ ಕಡಿಮೆ. 51 ಮತ್ತು 60ರದ್ದು ಸುಮಾರು 2.9. ನಾಲ್ಕು ಪಟ್ಟಿಗೂ ಜಾಸ್ತಿ.

ಇಲ್ಲೊಂದು ಹಳೆಯ ಮಾತು ಬಂದೇ ಬರುತ್ತದೆ: "ಸಿನಿಮಾ 24 ಫ್ರೇಮಿನಲ್ಲೇ ಓಡುತ್ತಲ್ಲ, ಕಣ್ಣಿಗೆ ಅಷ್ಟು ಸಾಕು." ಸಿನಿಮಾಕ್ಕೆ ಸಾಕು, ನಿಜ. ಕ್ಯಾಮೆರಾ ಒಂದೊಂದು ಫ್ರೇಮಿಗೂ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕು ಬಿಡುತ್ತದೆ. ಓಡುವ ವಸ್ತು ಸ್ವಲ್ಪ ಮಸುಕಾಗಿ ದಾಖಲಾಗುತ್ತದೆ. ಆ ಮಸುಕೇ ಒಂದು ಫ್ರೇಮನ್ನು ಮುಂದಿನದಕ್ಕೆ ಜೋಡಿಸುತ್ತದೆ. ಗೇಮಿನಲ್ಲಿ ಪ್ರತಿ ಫ್ರೇಮೂ ಚೂಪಾಗಿ ಮೂಡುತ್ತದೆ. ಅದಕ್ಕಿಂತ ಮುಖ್ಯ, ಸಿನಿಮಾ ನೋಡುವಾಗ ನಿಮ್ಮ ಕೈ ಮೌಸಿನ ಮೇಲಿರುವುದಿಲ್ಲ. ಗೇಮಿನಲ್ಲಿ ಕೈ ಅಲ್ಲಾಡಿಸಿದ ತಕ್ಷಣ ತೆರೆ ಉತ್ತರ ಕೊಡಬೇಕು. ತಡವಾದರೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಹೆಚ್ಚು ಫ್ರೇಮಿನ ಇನ್ನೊಂದು ಲಾಭದ ಬಗ್ಗೆ ಅಷ್ಟಾಗಿ ಯಾರೂ ಮಾತಾಡುವುದಿಲ್ಲ. ಇವತ್ತಿನ ಎಲ್‌ಸಿಡಿ ಮತ್ತು ಒಎಲ್‌ಇಡಿ ತೆರೆಗಳು ಒಂದು ಫ್ರೇಮನ್ನು ಮುಂದಿನದು ಬರುವ ತನಕ ಹಾಗೇ ಹಿಡಿದಿರುತ್ತವೆ. ಕಣ್ಣು ಮಾತ್ರ ಓಡುವ ವಸ್ತುವಿನ ಹಿಂದೆ ಸರಿಯುತ್ತಲೇ ಇರುತ್ತದೆ. ಹಾಗಾಗಿ ವಸ್ತು ಮಸುಕಾಗಿ ಕಾಣುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುವ ವಸ್ತು 60 ಹರ್ಟ್ಜ್‌ನಲ್ಲಿ 16 ಪಿಕ್ಸೆಲ್‌ನಷ್ಟು ಹರಡುತ್ತದೆ. 120ರಲ್ಲಿ 8, 240ರಲ್ಲಿ 4. ಓಡುವ ಶತ್ರುವಿನ ತಲೆಗೆ ಗುರಿ ಇಡುವವರಿಗೆ ಇದು ದೊಡ್ಡ ವ್ಯತ್ಯಾಸವೇ. ನಿಧಾನವಾಗಿ ಊರು ಸುತ್ತುತ್ತಾ ಕತೆ ಕೇಳುವ ಗೇಮಿನಲ್ಲಿ ಅಷ್ಟೇನೂ ಅಲ್ಲ.

ಮೊದಲು ಮಾನಿಟರ್, ಆಮೇಲೆ ಕಾರ್ಡ್

ಕಾರ್ಡು 140 ಫ್ರೇಮ್ ತಯಾರಿಸಿದರೂ 60 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ. ಮೌಸಿನ ಸ್ಪಂದನೆ ಒಂದಿಷ್ಟು ಚುರುಕಾಗುತ್ತದೆ, ಅಷ್ಟೇ. ಅದರ ಜೊತೆಗೆ ಚಿತ್ರ ಅಡ್ಡಡ್ಡ ಹರಿದ ಹಾಗೆ ಕಾಣುವ ತೊಂದರೆಯೂ ಬರುತ್ತದೆ. ಆದ್ದರಿಂದ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಇಂಥ ಶೂಟಿಂಗ್ ಗೇಮುಗಳನ್ನೇ ಆಡುವವರು, ಮನೆಯಲ್ಲಿ ಇನ್ನೂ 60 ಹರ್ಟ್ಜ್ ಮಾನಿಟರ್ ಇದ್ದರೆ, ಕಾರ್ಡಿನ ಯೋಚನೆ ಪಕ್ಕಕ್ಕಿಡಿ. ಅದೇ ದುಡ್ಡಿನಲ್ಲಿ 144 ಅಥವಾ 165 ಹರ್ಟ್ಜ್‌ನ ಮಾನಿಟರ್ ತನ್ನಿ. ವ್ಯಾಲರಂಟ್ ಅಂತೂ ಎಷ್ಟು ಹಗುರ ಅಂದರೆ, ರೈಜನ್ 5 5600ಜಿ ಥರದ ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸೇ 60ನ್ನು ಆರಾಮವಾಗಿ ದಾಟುತ್ತದೆ.

ಈಗ ಆ 51 ಫ್ರೇಮಿನ ವಿಷಯ. 60 ಹರ್ಟ್ಜ್ ತೆರೆಗೆ ಸೆಕೆಂಡಿಗೆ 60 ಚಿತ್ರ ಬೇಕೇ ಬೇಕು. ಕಾರ್ಡು 51 ಮಾತ್ರ ಕೊಟ್ಟರೆ, ವಿ-ಸಿಂಕ್ (ಚಿತ್ರ ಹರಿಯದಂತೆ ಫ್ರೇಮನ್ನು ತೆರೆಯ ತಾಳಕ್ಕೆ ಹೊಂದಿಸುವ ಆಯ್ಕೆ) ಆನ್ ಇದ್ದಾಗ, ಸೆಕೆಂಡಿಗೆ ಒಂಬತ್ತು ಸಲ ಹಳೆಯ ಫ್ರೇಮನ್ನೇ ಮತ್ತೆ ತೋರಿಸಬೇಕು. ನಡಿಗೆಯ ಮಧ್ಯೆ ಒಂಬತ್ತು ಎಡವು. ಕಣ್ಣಿಗೆ ತಾಗುವುದು ಇದೇ ಹೊರತು 2.9 ಮಿಲಿಸೆಕೆಂಡಿನ ಅಂತರ ಅಲ್ಲ.

ಇದಕ್ಕೆ ಪರಿಹಾರ ಬಂದು ಹತ್ತು ವರ್ಷದ ಮೇಲಾಯಿತು. ಎನ್ವಿಡಿಯಾ 2013ರಲ್ಲಿ ಜಿ-ಸಿಂಕ್ ತೋರಿಸಿತು. ಎಎಂಡಿಯ ಫ್ರೀಸಿಂಕ್ ಮಾನಿಟರುಗಳು 2015ರಲ್ಲಿ ಮಾರುಕಟ್ಟೆಗೆ ಬಂದವು. ಫ್ರೇಮ್ ಯಾವಾಗ ತಯಾರಾಗುತ್ತದೋ ಆಗ ತೆರೆ ಬದಲಾಗುತ್ತದೆ, ತೆರೆಯೇ ಕಾರ್ಡಿಗಾಗಿ ಕಾಯುತ್ತದೆ. ಇಂಥ ಮಾನಿಟರಿನಲ್ಲಿ 51 ಮತ್ತು 60 ಪಕ್ಕಪಕ್ಕ ಇಟ್ಟರೂ ಅಷ್ಟು ಬೇಗ ಗೊತ್ತಾಗುವುದಿಲ್ಲ. ಈಗ ಕಡಿಮೆ ಬೆಲೆಯ ಗೇಮಿಂಗ್ ಮಾನಿಟರಿನಲ್ಲೂ ಇದು ಇರುತ್ತದೆ. ಡಬ್ಬಿಯ ಮೇಲೆ ಫ್ರೀಸಿಂಕ್ ಅಥವಾ ಅಡಾಪ್ಟಿವ್ ಸಿಂಕ್ ಅಂತ ಬರೆದಿರುತ್ತಾರೆ. ಅದು ಕೆಲಸ ಮಾಡುವ ವ್ಯಾಪ್ತಿಯನ್ನೂ ನೋಡಿ. 48ರಿಂದ 144 ಹರ್ಟ್ಜ್ ಅಂತ ಇದ್ದರೆ ಒಳ್ಳೆಯದು. ಮೇಲಿನ ಅಂಕಿ ಕೆಳಗಿನದರ ಎರಡು ಪಟ್ಟಿಗಿಂತ ಜಾಸ್ತಿ ಇರುವುದರಿಂದ, ಫ್ರೇಮ್ 48ಕ್ಕಿಂತ ಕೆಳಗೆ ಬಿದ್ದರೂ ಒಂದೊಂದನ್ನು ಎರಡೆರಡು ಸಲ ತೋರಿಸಿ ಸಂಭಾಳಿಸುತ್ತದೆ. 48ರಿಂದ 75 ಅಂತ ಇದ್ದರೆ ಆ ಅನುಕೂಲ ಇಲ್ಲ.

ಸರಾಸರಿಯನ್ನು ನಂಬಬೇಡಿ

ಗಂಟೆಗೆ ಆರು ಬಸ್ ಅಂತ ಸ್ಟಾಪಿನಲ್ಲಿ ಬೋರ್ಡ್ ಇರುತ್ತದೆ. ಮೂರು ಒಟ್ಟಿಗೆ ಬಂದು, ಆಮೇಲೆ ಮುಕ್ಕಾಲು ಗಂಟೆ ಒಂದೂ ಬರದೆ, ಕೊನೆಗೆ ಇನ್ನು ಮೂರು ಬಂದರೂ ಬೋರ್ಡು ಸುಳ್ಳಲ್ಲ. ಸರಾಸರಿ ಎಫ್‌ಪಿಎಸ್ ಕೂಡ ಹಾಗೇ. ಒಂದು ಸೆಕೆಂಡಿನಲ್ಲಿ 59 ಫ್ರೇಮ್ ತಲಾ 15 ಮಿಲಿಸೆಕೆಂಡಿನಲ್ಲಿ ಬಂದು, ಒಂದೇ ಒಂದು 115 ಮಿಲಿಸೆಕೆಂಡ್ ತೆಗೆದುಕೊಂಡಿತು ಅನ್ನಿ. ಸರಾಸರಿ ಸರಿಯಾಗಿ 60. ಆಡುವವರಿಗೆ ಮಾತ್ರ ಗೇಮ್ ಒಮ್ಮೆ ಜರ್ಕ್ ಹೊಡೆದದ್ದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ರಿವ್ಯೂಗಳಲ್ಲಿ "1% ಲೋ" ಅಂತ ಇನ್ನೊಂದು ಅಂಕಿ ಇರುತ್ತದೆ. ಅತಿ ನಿಧಾನವಾಗಿ ಬಂದ ನೂರರಲ್ಲಿ ಒಂದು ಪಾಲು ಫ್ರೇಮುಗಳ ಲೆಕ್ಕ ಅದು. ಎರಡು ಕಾರ್ಡನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಸರಾಸರಿ 90, 1% ಲೋ 72 ಇರುವ ಕಾರ್ಡು, ಸರಾಸರಿ 100 ಮತ್ತು 1% ಲೋ 45 ಇರುವುದಕ್ಕಿಂತ ಆಡಲು ಹಿತ.

ಈ ಕುಸಿತಕ್ಕೆ ಈಗ ಬಹಳ ಕಡೆ ಕಾರಣ ಕಾರ್ಡಿನ ಮೆಮೊರಿ. ಹೊಸ ದೊಡ್ಡ ಗೇಮುಗಳಲ್ಲಿ ಸೆಟ್ಟಿಂಗ್ಸ್ ಏರಿಸಿದರೆ 8 ಜಿಬಿ ತುಂಬಿ ತುಳುಕುತ್ತದೆ. ಉಳಿದದ್ದನ್ನು ಕಾರ್ಡು ಕಂಪ್ಯೂಟರಿನ ರ‍್ಯಾಮ್‌ನಿಂದ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ತರಿಸಿಕೊಳ್ಳಬೇಕು. ಆರ್‌ಟಿಎಕ್ಸ್ 5060 ತನ್ನದೇ ಮೆಮೊರಿಯನ್ನು ಸೆಕೆಂಡಿಗೆ 448 ಜಿಬಿ ವೇಗದಲ್ಲಿ ಓದುತ್ತದೆ. ಬಿ450 ಥರದ ಹಳೆಯ ಮದರ್‌ಬೋರ್ಡಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ 3.0 ಮಾತ್ರ ಇರುತ್ತದೆ. 5060 ಬಳಸುವುದು ಆ ದಾರಿಯ ಹದಿನಾರು ಲೇನಿನಲ್ಲಿ (ಡೇಟಾ ಓಡುವ ಸಾಲು) ಎಂಟನ್ನೇ. ಅಲ್ಲಿ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 8 ಜಿಬಿ ಬರಬಹುದು. ಜರ್ಕ್ ಹೊಡೆಯದೆ ಇನ್ನೇನು ಮಾಡೀತು? ಕೆಲವು ಗೇಮುಗಳು ಜರ್ಕ್ ತಪ್ಪಿಸಲು ಸದ್ದಿಲ್ಲದೆ ಗೋಡೆ, ನೆಲ, ಬಟ್ಟೆಯ ಚಿತ್ರಗಳನ್ನು ಮಂಕು ಮಾಡುತ್ತವೆ. ಆಗ ಎಫ್‌ಪಿಎಸ್ ಗ್ರಾಫಿನಲ್ಲಿ ಏನೂ ಕಾಣುವುದಿಲ್ಲ.

ಯಾವ ಕಾರ್ಡು ಯಾರಿಗೆ

ಇಲ್ಲಿ ಕೊಡುವ ಡಾಲರ್ ಬೆಲೆ ಬಿಡುಗಡೆಯ ದಿನದ್ದು, ತೆರಿಗೆ ಬಿಟ್ಟು. ನಮ್ಮಲ್ಲಿ 18% ಜಿಎಸ್‌ಟಿ ಸೇರುತ್ತದೆ, ಆಮದಿನ ಖರ್ಚು ಬೇರೆ. ಜೊತೆಗೆ 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಮೆಮೊರಿ ಚಿಪ್ಪಿನ ಬೆಲೆ ಏರಿದೆ. ಹಾಗಾಗಿ ಡಾಲರನ್ನು ರೂಪಾಯಿಗೆ ಗುಣಿಸಿ ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗಬೇಡಿ. ಕಾರ್ಡುಗಳ ನಡುವಿನ ಅಂತರ ತಿಳಿಯಲಷ್ಟೇ ಈ ಬೆಲೆ.

ಇಂಟೆಲ್ ಆರ್ಕ್ ಬಿ580 ಬಂದದ್ದು 2024ರ ಡಿಸೆಂಬರಿನಲ್ಲಿ, 249 ಡಾಲರಿಗೆ. 12 ಜಿಬಿ ಮೆಮೊರಿ, 190 ವ್ಯಾಟ್. ಆ ಬೆಲೆಗೆ ಅಷ್ಟು ಮೆಮೊರಿ ದೊಡ್ಡ ಆಕರ್ಷಣೆ. ಆದರೆ ಹಳೆಯ ಕಂಪ್ಯೂಟರಿಗೆ ಇದನ್ನು ಹಾಕಬೇಡಿ. ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿಯನ್ನು ಪ್ರೊಸೆಸರ್ ಒಟ್ಟಿಗೇ ತಲುಪಲು ಬಿಡುವ) ಸೌಲಭ್ಯ ಇರಲೇಬೇಕು. ಅದಿದ್ದರೂ ಪ್ರೊಸೆಸರ್ ದುರ್ಬಲವಾಗಿದ್ದರೆ ಈ ಕಾರ್ಡು ಬೇರೆಯವುಗಳಿಗಿಂತ ಜಾಸ್ತಿ ಮುಗ್ಗರಿಸುತ್ತದೆ. ವಿಚಿತ್ರ ನೋಡಿ, ಕಡಿಮೆ ಬೆಲೆಯ ಕಾರ್ಡು ಬೇಕಾಗುವುದು ಹಳೆಯ ಕಂಪ್ಯೂಟರ್ ಇರುವವರಿಗೇ, ಅಲ್ವಾ?

ಎನ್ವಿಡಿಯಾದ ಆರ್‌ಟಿಎಕ್ಸ್ 5060, 2025ರ ಮೇ, 299 ಡಾಲರ್. 8 ಜಿಬಿ, 145 ವ್ಯಾಟ್. ವೇಗ ಚೆನ್ನಾಗಿದೆ, ಕರೆಂಟ್ ಕಡಿಮೆ ತಿನ್ನುತ್ತದೆ. 1080ಪಿ (1920×1080 ಪಿಕ್ಸೆಲ್) ಮಾನಿಟರಿನಲ್ಲಿ ಆನ್‌ಲೈನ್ ಗೇಮ್ ಆಡುವವರಿಗೆ ಸಾಕು. ಮೂರ್ನಾಲ್ಕು ವರ್ಷ ಹೊಸ ಗೇಮುಗಳನ್ನೆಲ್ಲ ಆಡುತ್ತೇನೆ ಅನ್ನುವವರಿಗೆ ನಾನು ಹೇಳುವುದಿಲ್ಲ.

ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 2025ರ ಜೂನ್‌ನಲ್ಲಿ ಬಂತು. 8 ಜಿಬಿಗೆ 299 ಡಾಲರ್, 16 ಜಿಬಿಗೆ 349. ಗೇಮಿಗಷ್ಟೇ ಕಾರ್ಡು ಬೇಕು ಅನ್ನುವ ಹೆಚ್ಚಿನವರಿಗೆ ಇದರ 16 ಜಿಬಿ ಮಾದರಿಯನ್ನೇ ನಾನು ಹೇಳುತ್ತೇನೆ. 160 ವ್ಯಾಟ್‌ನ ಕಾರ್ಡು. ಹದಿನಾರೂ ಲೇನ್ ಬಳಸುವುದರಿಂದ ಹಳೆಯ ಬೋರ್ಡಿನಲ್ಲೂ ಉಸಿರು ಕಟ್ಟುವುದು ಕಡಿಮೆ. 8 ಮತ್ತು 16 ಎರಡರಲ್ಲೂ ಚಿಪ್ ಒಂದೇ, ಹೆಸರೂ ಒಂದೇ. ಹಗುರ ಗೇಮುಗಳ ಸರಾಸರಿ ಗ್ರಾಫಿನಲ್ಲಿ ಎರಡೂ ಅಕ್ಕಪಕ್ಕ ನಿಲ್ಲುತ್ತವೆ. ಐವತ್ತು ಡಾಲರ್ ಯಾಕೆ ಜಾಸ್ತಿ ಅನ್ನಿಸುವುದು ಸಹಜ. ಉತ್ತರ ಸಿಗುವುದು 8 ಜಿಬಿ ಸಾಲದ ಗೇಮಿನ 1% ಲೋ ಪಟ್ಟಿಯಲ್ಲಿ. ಹೆಸರು ಒಂದೇ ಆದ್ದರಿಂದ ಡಬ್ಬಿ ಕೈಗೆ ಬಂದಾಗ ಜಿಬಿ ಎಷ್ಟೆಂದು ಎರಡು ಸಲ ಓದಿ. ಆನ್‌ಲೈನಿನಲ್ಲಿ ತರಿಸುವಾಗಲಂತೂ ಇನ್ನೂ ಹುಷಾರು.

ಆರ್‌ಟಿಎಕ್ಸ್ 5060 ಟಿಐ ವಿಷಯದಲ್ಲೂ ಇದೇ ಆಟ. 8 ಜಿಬಿಗೆ 379, 16 ಜಿಬಿಗೆ 429 ಡಾಲರ್. ಅಷ್ಟು ಕೊಟ್ಟು 8 ಜಿಬಿ ಕೊಳ್ಳಲು ನನಗೆ ಒಂದೂ ಕಾರಣ ಕಾಣುವುದಿಲ್ಲ. 16 ಜಿಬಿಯದ್ದು ಬೇರೆ ಮಾತು. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರು, ಕಾಲೇಜಿನಲ್ಲಿ ಮಷೀನ್ ಲರ್ನಿಂಗ್ ಕಲಿಯುವವರು, ಮನೆಯಲ್ಲೇ ಎಐ ಮಾಡೆಲ್ ಓಡಿಸುವವರು ಎನ್ವಿಡಿಯಾದ ಕುಡಾ (ಕಾರ್ಡನ್ನು ಇಂಥ ಲೆಕ್ಕಗಳಿಗೆ ಬಳಸುವ ಸಾಫ್ಟ್‌ವೇರ್) ಬಿಟ್ಟು ಹೊರಗೆ ಹೋದರೆ ಸುಮ್ನೆ ತಲೆನೋವು. ಅವರಿಗೆ ಈ ಕಾರ್ಡು ಸರಿ. ಫ್ರೇಮಿನ ಲೆಕ್ಕವೇ ಅಲ್ಲಿ ಬರುವುದಿಲ್ಲ.

1440ಪಿ ಮಾನಿಟರ್ ಇದ್ದರೆ ಕೆಲಸ ಹೆಚ್ಚುತ್ತದೆ. 1080ಪಿಯಲ್ಲಿ ಒಂದು ಫ್ರೇಮಿಗೆ 20.7 ಲಕ್ಷ ಪಿಕ್ಸೆಲ್ ಬಿಡಿಸಬೇಕು. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ. 1440ಪಿಯಲ್ಲಿ ಎಲ್ಲವನ್ನೂ ಏರಿಸಿ ಆಡಬೇಕೆಂದರೆ 549 ಡಾಲರಿನ ಎರಡು ಕಾರ್ಡುಗಳಿವೆ: ಆರ್‌ಟಿಎಕ್ಸ್ 5070ಕ್ಕೆ 12 ಜಿಬಿ, 250 ವ್ಯಾಟ್. ಆರ್‌ಎಕ್ಸ್ 9070ಕ್ಕೆ 16 ಜಿಬಿ, 220 ವ್ಯಾಟ್. ಅಂಗಡಿಯಲ್ಲಿ ಬೆಲೆ ಒಂದೇ ಇದ್ದರೆ ನಾನು ಎರಡನೆಯದನ್ನು ತೆಗೆದುಕೊಳ್ಳುತ್ತೇನೆ. ಕಡಿಮೆ ಕರೆಂಟಿನಲ್ಲಿ ಜಾಸ್ತಿ ಮೆಮೊರಿ ಸಿಗುತ್ತದೆ. 9070 ಎಕ್ಸ್‌ಟಿ ಇನ್ನೂ ವೇಗ, ಆದರೆ 304 ವ್ಯಾಟ್. ಅದಕ್ಕೆ ಒಳ್ಳೆಯ ಪವರ್ ಸಪ್ಲೈ ಬೇಕು. ಕರೆಂಟ್ ಹೋಗುವ ಊರಿನವರು ಯುಪಿಎಸ್ ಕೂಡ ನೋಡಿಕೊಳ್ಳಿ. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ತಡೆಯುತ್ತದೆ. ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿದರೆ ಗೇಮಿನ ಮಧ್ಯೆ ಅದು ಕೂಗಿ ಕೈಕೊಡುತ್ತದೆ.

"4090ರ ವೇಗ, 549 ಡಾಲರಿಗೆ"

2025ರ ಜನವರಿಯಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ವೇದಿಕೆಯ ಮೇಲೆ ನಿಂತು, 549 ಡಾಲರಿನ 5070 ಕಾರ್ಡು 4090ರ ವೇಗ ಕೊಡುತ್ತದೆ ಎಂದರು. 4090 ಹಿಂದಿನ ಸರಣಿಯ ದೊಡ್ಡ ಕಾರ್ಡು, ಬಂದಾಗ ಅದರ ಬೆಲೆ 1599 ಡಾಲರ್ ಇತ್ತು. ಆ ಲೆಕ್ಕ ನಿಂತಿದ್ದು ಮಲ್ಟಿ ಫ್ರೇಮ್ ಜನರೇಶನ್ ಮೇಲೆ. ಕಾರ್ಡು ಒಂದು ಫ್ರೇಮನ್ನು ನಿಜವಾಗಿ ಬಿಡಿಸಿ, ಅದರ ಜೊತೆಗೆ ಆಗ ಮೂರರ ತನಕ ಊಹಿಸಿ ಸೇರಿಸುತ್ತಿತ್ತು.

ಊಹೆಯ ಫ್ರೇಮ್ ಕಣ್ಣಿಗೆ ನಯವಾಗಿಯೇ ಕಾಣುತ್ತದೆ, ಅದರಲ್ಲಿ ಮೋಸ ಇಲ್ಲ. ಆದರೆ ಆ ಫ್ರೇಮುಗಳಿಗೆ ನಿಮ್ಮ ಮೌಸ್ ಏನು ಮಾಡಿತು ಅನ್ನುವುದು ಗೊತ್ತಿಲ್ಲ. ಮಧ್ಯದ ಫ್ರೇಮ್ ಊಹಿಸಲು ಮುಂದಿನ ನಿಜವಾದ ಫ್ರೇಮು ಬರುವ ತನಕ ಕಾಯಬೇಕು, ಹಾಗಾಗಿ ಸ್ಪಂದನೆ ಇನ್ನಷ್ಟು ತಡ. ಬುಡದಲ್ಲಿ 30 ಎಫ್‌ಪಿಎಸ್ ಇದ್ದು ತೆರೆಯ ಮೇಲೆ 120 ಅಂತ ತೋರಿಸಿದರೆ, ಕಣ್ಣಿಗೆ 120, ಕೈಗೆ 30. ಬುಡದಲ್ಲೇ 60-70 ಇದ್ದರೆ ಆಗ ಇದು ಒಳ್ಳೆಯ ಸೌಲಭ್ಯ. 165 ಹರ್ಟ್ಜ್ ಮಾನಿಟರ್ ತುಂಬಿಸಲು ಬಳಸಿಕೊಳ್ಳಿ. ಕಾರ್ಡು ಹೋಲಿಸುವಾಗ ಮಾತ್ರ ಇದನ್ನು ಆಫ್ ಮಾಡಿ ಅಳೆದ ಅಂಕಿಯನ್ನೇ ನೋಡಿ. ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ದೊಡ್ಡದು ಮಾಡುವ ಎನ್ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಅಪ್‌ಸ್ಕೇಲಿಂಗ್ ಬೇರೆ ವಿಷಯ. ಅದರಿಂದ ನಿಜವಾಗಿಯೂ ಸ್ಪಂದನೆ ಸುಧಾರಿಸುತ್ತದೆ. ಎಎಂಡಿಯ ಚೆನ್ನಾಗಿರುವ ಎಫ್‌ಎಸ್‌ಆರ್ 4 ಬೇಕೆಂದರೆ ಆರ್‌ಎಕ್ಸ್ 9000 ಸರಣಿಯನ್ನೇ ಆರಿಸಿ.

ಕೊಳ್ಳುವ ಮೊದಲು

ಈಗಿರುವ ಕಂಪ್ಯೂಟರಿನಲ್ಲೇ ಒಂದು ಪರೀಕ್ಷೆ ಮಾಡಬಹುದು, ಖರ್ಚಿಲ್ಲ. ಹಗುರವಾದ ಒಂದು ಗೇಮ್ ತೆರೆಯಿರಿ. ಅದರ ಸೆಟ್ಟಿಂಗ್ಸಿನಲ್ಲಿ ಫ್ರೇಮ್ ಮಿತಿ ಇಡುವ ಆಯ್ಕೆ ಇರುತ್ತದೆ. ನೀವು ಹೋಲಿಸುತ್ತಿರುವ ಎರಡು ಕಾರ್ಡುಗಳ ಅಂಕಿಯನ್ನೇ ಇಡಿ. ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು, ನಿಮಗೆ ಹೇಳದೆ ಬದಲಿಸಲು ಹೇಳಿ. ಅಂಕಿ ತೋರಿಸುವುದನ್ನು ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಗುರುತಿಸಲು ಆಗದಿದ್ದರೆ ಆ ಅಂತರಕ್ಕೆ ದುಡ್ಡು ಕೊಡಬೇಡಿ.

ಇನ್ನೊಂದು ಪರೀಕ್ಷೆ: ನೀವು ಆಡುವ ಗೇಮಿನ ರೆಸಲ್ಯೂಶನ್ ತಗ್ಗಿಸಿ. ಎಫ್‌ಪಿಎಸ್ ಏರಲೇ ಇಲ್ಲವೇ? ಹಾಗಾದರೆ ತಡ ಮಾಡುತ್ತಿರುವುದು ಪ್ರೊಸೆಸರ್. ಎಷ್ಟೇ ದೊಡ್ಡ ಕಾರ್ಡು ತಂದರೂ ಅಂಕಿ ಅಲ್ಲೇ ನಿಲ್ಲುತ್ತದೆ. ಕೆಲವು ಗೇಮುಗಳು ತಾವೇ ಮಿತಿ ಹಾಕಿಕೊಂಡಿರುತ್ತವೆ. ಎಲ್ಡನ್ ರಿಂಗ್ 60ರ ಮೇಲೆ ಹೋಗುವುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ನೋಡುವವರು ಜಿಟಿಎಕ್ಸ್ 1060, 1070, 1080 ಬಿಟ್ಟುಬಿಡಿ. 2025ರ ಅಕ್ಟೋಬರಿನೊಂದಿಗೆ ಆ ಸರಣಿಗೆ ಹೊಸ ಗೇಮುಗಳಿಗಾಗಿ ಡ್ರೈವರ್ ಬರುವುದು ನಿಂತಿತು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವುದಾದರೆ ನಾಲ್ಕು ಅಂಗಡಿ ಕೇಳಿ, ಆನ್‌ಲೈನ್ ಬೆಲೆಯನ್ನು ಫೋನಿನಲ್ಲಿ ತೋರಿಸಿ ಚೌಕಾಸಿ ಮಾಡಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಅದೇ ಆಧಾರ. ಅಮೆರಿಕದಿಂದ ಬರುವ ಅಕ್ಕ-ಭಾವನ ಕೈಲಿ ತರಿಸುವ ಆಸೆ ಇದ್ದರೆ, ಆ ಕಂಪನಿಯ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲು ಕೇಳಿ.

ಕಾರ್ಡು ಹಾಕಿದ ಮೇಲೆ ಮಾನಿಟರಿನ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೇ ಚುಚ್ಚಿ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ 60 ಅಂತಲೇ ಉಳಿದಿರುವುದು ಬಹಳ ಸಾಮಾನ್ಯ. 165 ಇದ್ದರೆ 165 ಮಾಡಿ. ಮಾನಿಟರಿನ ಮೆನುವಿನಲ್ಲಿ ಅಡಾಪ್ಟಿವ್ ಸಿಂಕ್ ಆನ್ ಮಾಡಿ, ಗೇಮಿನ ಫ್ರೇಮ್ ಮಿತಿಯನ್ನು ಅದಕ್ಕಿಂತ ಮೂರ್ನಾಲ್ಕು ಕಡಿಮೆ, 161ಕ್ಕೋ 162ಕ್ಕೋ ಇಡಿ.